ಅಗ್ಗದ ಎಲೆಕ್ಟ್ರಿಕ್ ಗಿಟಾರ್: ತಿದ್ದಿದ್ದು, ಬದಲಿಸಿದ್ದು, ಮೂವತ್ತು ಸಾವಿರದ್ದು

13,000 ರೂಪಾಯಿಯ ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್) ಮಾದರಿಯ ಗಿಟಾರ್ ತಂದು, ಅದರ ನಟ್, ಫ್ರೆಟ್ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ), ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಭಾಗ) ಸರಿಮಾಡಿ, ಆ ಕೆಲಸವನ್ನೆಲ್ಲ 2,500 ರೂಪಾಯಿಯೊಳಗೆ ಮುಗಿಸಿದರೆ ಕಾಸರಗೋಡಿನಂಥ ಕಡೆ ಅದಕ್ಕಿಂತ ಲಾಭದ ಗಿಟಾರ್ ಇನ್ನೊಂದಿಲ್ಲ. ನನ್ನ ಪಕ್ಷ ಇದು, ಮೊದಲೇ ಹೇಳಿಬಿಡುತ್ತೇನೆ. ಇದರ ಎದುರಿಗಿಟ್ಟು ನೋಡಿದ್ದು ಇನ್ನೆರಡನ್ನು. ಅದೇ ಅಗ್ಗದ ಗಿಟಾರ್‌ಗೆ ಪಿಕಪ್ (ತಂತಿಯ ಅದುರು ಹಿಡಿಯುವ ಅಯಸ್ಕಾಂತದ ಸುರುಳಿ), ಟ್ರೆಮೊಲೊ (ದಂಡ ಎಳೆದು ಸ್ವರ ಏರಿಳಿಸುವ ಬ್ರಿಜ್), ಪಾಟ್ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ನಿಯಂತ್ರಕ), ಸ್ವಿಚ್, ಬಿರಡೆ ಎಲ್ಲ ಹೊಸದು ಹಾಕಿ 12,000 ಸುರಿದದ್ದು ಒಂದು. ಏನನ್ನೂ ಮುಟ್ಟದೆ 30,000ದ ಆಸುಪಾಸಿನ ಯಮಹಾ ಪೆಸಿಫಿಕಾ 112ವಿ ತಂದದ್ದು ಇನ್ನೊಂದು. ಮುಂದೆ ಇವನ್ನು ತಿದ್ದಿದ್ದು, ಬದಲಿಸಿದ್ದು, ಪೆಸಿಫಿಕಾ ಎಂದೇ ಕರೆಯುತ್ತೇನೆ.

ಅಗ್ಗದ ಗಿಟಾರ್‌ನ ಲೆಕ್ಕವೆಲ್ಲ ನೆಕ್ಕಿನ ಮೇಲೆ ನಿಂತಿದೆ. ಪೆಟ್ಟಿಗೆ ಬಿಚ್ಚಿದ ದಿನವೇ ಗಿಟಾರ್‌ನ ತಲೆಯನ್ನು ಕಣ್ಣಿನ ಹತ್ತಿರ ಹಿಡಿದು, ನೆಕ್ಕಿನ ಎರಡೂ ಅಂಚುಗಳ ಉದ್ದಕ್ಕೆ ನೋಡಿ. ಬಾಗಿದ್ದರೆ ಹೆದರಬೇಡಿ, ನೆಕ್ಕಿನೊಳಗಿನ ಲೋಹದ ಸರಳು, ಟ್ರಸ್ ರಾಡ್, ಇರುವುದೇ ಅದಕ್ಕೆ. ತಿರುಚಿದ್ದರೆ, ಅಂದರೆ ಒಂದು ಅಂಚು ಎದ್ದು ಇನ್ನೊಂದು ತಗ್ಗಿದ್ದರೆ, ಅದನ್ನು ಸರಿಮಾಡುವ ಸ್ಕ್ರೂ ಯಾವ ಗಿಟಾರ್‌ನಲ್ಲೂ ಇಲ್ಲ. ಆವತ್ತೇ ವಾಪಸು ಕಳಿಸಿ. ಟ್ರಸ್ ರಾಡ್ ಎರಡೂ ಕಡೆಗೆ ಸಲೀಸಾಗಿ ತಿರುಗುತ್ತದೆಯೇ ಎಂದೂ ನೋಡಿಕೊಳ್ಳಿ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಸಾಕು.

ತಿದ್ದುವ ಕೆಲಸ ನಟ್‌ನಿಂದ ಶುರು. ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಆ ಬಿಳಿ ಪಟ್ಟಿ ಅಗ್ಗದ ಗಿಟಾರ್‌ಗಳಲ್ಲಿ ಟೊಳ್ಳು ಪ್ಲಾಸ್ಟಿಕ್ಕಿನದು, ಅದರ ಕಚ್ಚುಗಳನ್ನು ಬೇಕಾದಷ್ಟು ಆಳಕ್ಕೆ ಇಳಿಸಿರುವುದಿಲ್ಲ. ತಂತಿಯನ್ನು 2 ಮತ್ತು 3ನೇ ಫ್ರೆಟ್‌ನ ನಡುವೆ ಒತ್ತಿ ಹಿಡಿದು 1ನೇ ಫ್ರೆಟ್‌ನ ಮೇಲೆ ಎಷ್ಟು ಎಡೆ ಇದೆ ನೋಡಿ. ಜೆರಾಕ್ಸ್ ಮಾಡುವ 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಒಂದು ಹಾಳೆ ನುಸುಳುವಷ್ಟು ಎಡೆ ಇದ್ದರೆ ಸರಿ. ನಾಲ್ಕು ಪದರ ನುಸುಳಿದರೆ ಎಫ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹಿಡಿಯುವಾಗ ಬೆರಳು ನೋಯುತ್ತದೆ, ಸ್ವರವೂ ಏರುತ್ತದೆ. ಖಾಲಿ ತಂತಿ ಟ್ಯೂನರ್‌ನಲ್ಲಿ ಸರಿಯಾಗಿ ಕೂತಿದ್ದರೂ 1ನೇ ಫ್ರೆಟ್ ಒತ್ತಿದರೆ 10–15 ಸೆಂಟ್ (ಒಂದು ಫ್ರೆಟ್‌ನಷ್ಟು ಸ್ವರದ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್) ಮೇಲೆ ತೋರಿಸುತ್ತದೆ. ಕಲಿಯುವವರು ತಮ್ಮ ಬೆರಳಿನದೇ ತಪ್ಪು ಎಂದುಕೊಂಡು ಗಿಟಾರ್ ಮೂಲೆಗಿಡುವುದು ಇಲ್ಲೇ.

ನಟ್‌ಗೆಂದೇ ಇರುವ ಅರಗಳ ಸೆಟ್ಟಿನ ಬೆಲೆ ಗಿಟಾರ್‌ನ ಬೆಲೆಯ ಹತ್ತಿರ ಹೋಗುತ್ತದೆ. ಅದರ ಬದಲು ಗ್ಯಾಸ್ ವೆಲ್ಡಿಂಗಿನ ನಾಝಲ್ ಶುಚಿ ಮಾಡುವ ಸಣ್ಣ ಅರಗಳ ಗೊಂಚಲು ಹಾರ್ಡ್‌ವೇರ್ ಅಂಗಡಿಯಲ್ಲಿ 150 ರೂಪಾಯಿಗೆ ಸಿಗುತ್ತದೆ. ಬೇರೆ ಬೇರೆ ದಪ್ಪದ ಒರಟು ಕಡ್ಡಿಗಳು ಅವು. ತಂತಿಗಿಂತ ಕೂದಲೆಳೆ ದಪ್ಪದ್ದನ್ನು ಆರಿಸಿ, ತಲೆಯ ಕಡೆಗೆ ತುಸು ಇಳಿಜಾರಾಗುವಂತೆ ಹಿಡಿದು ನಾಲ್ಕೈದು ಸಲ ಎಳೆಯಿರಿ, ತಂತಿ ಕೂರಿಸಿ ಶ್ರುತಿ ಮಾಡಿ, ಮತ್ತೆ ಹಾಳೆ ಹಾಕಿ ನೋಡಿ. ತಂತಿ ನಟ್ ಬಿಡುವ ಜಾಗ, ಅಂದರೆ ಫ್ರೆಟ್‌ನ ಕಡೆಯ ಅಂಚು, ಕಚ್ಚಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿರಬೇಕು. ಕಚ್ಚು ಮಟ್ಟಸವಾಗಿಬಿಟ್ಟರೆ ತಂತಿ ಅದರ ಮೇಲೆ ಸವರಿಕೊಂಡು ಅದುರುತ್ತದೆ, ತಂಬೂರಿಗೆ ಜೀವಾಳ ಇಟ್ಟ ಹಾಗೆ ಝೇಂಕಾರ ಬರುತ್ತದೆ. ತಂಬೂರಿಗೆ ಅದು ಬೇಕು, ಇಲ್ಲಿ ಬೇಡ. ಕೈ ತಪ್ಪಿ ಆಳವಾದರೆ ಕಚ್ಚಿಗೆ ಚಿಟಿಕೆ ಅಡುಗೆ ಸೋಡ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು. ಈ ಪ್ಲಾಸ್ಟಿಕ್ಕಿನ ಮೇಲೆ ಕೈ ಪಳಗಿದ ಮೇಲೆ 250 ರೂಪಾಯಿಯ ಎಲುಬಿನ ನಟ್ ಹಾಕಿ.

ಇದೇ ಪರೀಕ್ಷೆ ಪೆಸಿಫಿಕಾದ ಮೇಲೂ ಮಾಡಬೇಕು. 30,000 ಕೊಟ್ಟರೂ ನಟ್ ನಮ್ಮ ಬೆರಳಿಗೆ ಹೊಂದುವಂತೆ ಇಳಿದು ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಬದಲಿಸಿದ್ದರಲ್ಲಿ ನಟ್ ಮುಟ್ಟದೆ ಪಿಕಪ್ ಹಾಕಿದವರ ಗಿಟಾರ್‌ಗಳು, ಸ್ವರ ಸೇರದ ಕಾರ್ಡುಗಳನ್ನೇ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತವೆ.

ಫ್ರೆಟ್ ವಿಷಯದಲ್ಲಿ ಪೆಸಿಫಿಕಾ ಮುಂದಿದೆ, ಒಪ್ಪುತ್ತೇನೆ. ಅಂಚುಗಳು ನುಣುಪು, ಎತ್ತರ ಸಮ. ಅಗ್ಗದ್ದರಲ್ಲಿ ಎರಡು ಮೂರು ಫ್ರೆಟ್ ಎದ್ದುಕೊಂಡಿರುತ್ತವೆ, ತುದಿಗಳು ಅಂಗೈಗೆ ಕೊರೆಯುತ್ತವೆ. ಕಿಟಕಿ ಮಾಡುವವರ ಹತ್ತಿರ 40 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಚೌಕ ಪೈಪಿನ ತುಂಡು ಕೇಳಿ ತನ್ನಿ, ಗಾಜಿನ ಮೇಲಿಟ್ಟು ನೆಟ್ಟಗಿದೆಯೇ ನೋಡಿ, 400 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ. ತಂತಿ ಬಿಚ್ಚಿ, ನೆಕ್ ನೇರ ಮಾಡಿ, ಎಲ್ಲ ಫ್ರೆಟ್‌ಗಳ ನೆತ್ತಿಗೆ ಮಾರ್ಕರ್‌ನಿಂದ ಕಪ್ಪು ಬಳಿದು, ಭಾರ ಹಾಕದೆ ಉದ್ದಕ್ಕೆ ಉಜ್ಜಿ. ಎಲ್ಲ ಫ್ರೆಟ್‌ಗಳ ಕಪ್ಪೂ ಅಳಿದೊಡನೆ ನಿಲ್ಲಿಸಬೇಕು. ಚಪ್ಪಟೆಯಾದ ನೆತ್ತಿಯನ್ನು ತ್ರಿಕೋನ ಅರದಿಂದ ಮತ್ತೆ ದುಂಡಗೆ ಮಾಡಿ, 600, 1000, 2000 ನಂಬರಿನ ಪೇಪರ್‌ಗಳಲ್ಲಿ ಹೊಳಪು ಕೊಡಿ. ಪಿಕಪ್‌ಗಳ ಮೇಲೆ ಮೊದಲೇ ಟೇಪ್ ಹಚ್ಚಿರಿ. ಲೋಹದ ಪುಡಿ ಅದರೊಳಗೆ ಸೇರಿದರೆ ಬಿಡಿಸುವುದು ದೊಡ್ಡ ಕಷ್ಟ. ಮೊದಲ ಸಲಕ್ಕೆ ಇಡೀ ಒಂದು ಭಾನುವಾರ ಬೇಕು.

ಬಾಡಿಯ ಮರ ಯಾವುದೆಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಫ್ರೆಟ್‌ಬೋರ್ಡಿನ ಮರದ ಬಗ್ಗೆ ಮಾತ್ರ ಒಂದು ಮಾತು. 2017ರಲ್ಲಿ ಬೀಟೆಯ ಜಾತಿಯ ಮರಗಳ ಸಾಗಾಟಕ್ಕೆ ಅಂತಾರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲೆ ಕಡಿಮೆ ಬೆಲೆಯ ಗಿಟಾರ್‌ಗಳು ಬೀಟೆ ಬಿಟ್ಟು ಇಂಡಿಯನ್ ಲಾರೆಲ್‌ಗೆ ಬಂದವು. ಅದು ಬೇರೆ ಯಾವುದೂ ಅಲ್ಲ, ನಮ್ಮ ಗುಡ್ಡಗಳ ಕರಿಮತ್ತಿ. ಒಣಗಿ ಬೆಳ್ಳಗೆ ಕಂಡರೆ ವರ್ಷಕ್ಕೆ ಎರಡು ಸಲ ಮಿನರಲ್ ಆಯಿಲ್ ನಾಲ್ಕು ಹನಿ ಒರೆಸಿ ತೆಗೆಯಿರಿ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಚ್ಚಬೇಡಿ, ಕಮಟು ವಾಸನೆ ಬಂದು ಅಂಟಾಗುತ್ತದೆ.

ಇನ್ನು ಬದಲಿಸುವ ದಾರಿಯ ದೊಡ್ಡ ತೊಡಕು. ಅದು ಸ್ವರದ್ದಲ್ಲ, ತೂತುಗಳದ್ದು. ಪಿಕಪ್‌ಗಳ ಬಗ್ಗೆ ಓದುವವರು ಇದನ್ನು ಓದುವುದಿಲ್ಲ, ಭಾಗಗಳು ಕೊರಿಯರ್‌ನಲ್ಲಿ ಬಂದ ಮೇಲೆ ತಲೆಗೆ ಕೈ ಹೊತ್ತು ಕೂರುತ್ತಾರೆ. 1954ರಲ್ಲಿ ಫೆಂಡರ್ ಸ್ಟ್ರ್ಯಾಟೊಕಾಸ್ಟರ್ ಹೊರಟದ್ದು ಇಂಚಿನ ಅಳತೆಯಲ್ಲಿ. ಒಳ್ಳೆಯ ಬದಲಿ ಭಾಗಗಳಲ್ಲಿ ಹೆಚ್ಚಿನವು ಇವತ್ತಿಗೂ ಅದೇ ಅಳತೆಯವು. ಏಷ್ಯಾದಲ್ಲಿ ತಯಾರಾಗುವ ಅಗ್ಗದ ಗಿಟಾರ್‌ಗಳು ಮಿಲಿಮೀಟರ್ ಅಳತೆಯವು. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಟ್ರೆಮೊಲೊ ಬ್ರಿಜ್ಜನ್ನೇ ತೆಗೆದುಕೊಳ್ಳಿ. ಆರು ಸ್ಕ್ರೂಗಳಲ್ಲಿ ಮೊದಲನೆಯದರ ಮಧ್ಯದಿಂದ ಕೊನೆಯದರ ಮಧ್ಯಕ್ಕೆ ಹಳೆಯ ಅಮೆರಿಕನ್ ಮಾದರಿಯಲ್ಲಿ ಸುಮಾರು 56 ಮಿಲಿಮೀಟರ್, ಅಗ್ಗದ ಗಿಟಾರ್‌ಗಳಲ್ಲಿ ಬಹಳ ಮಟ್ಟಿಗೆ 52.5. ಮೂರೂವರೆ ಮಿಲಿಮೀಟರ್ ವ್ಯತ್ಯಾಸಕ್ಕೆ ಆರೂ ತೂತುಗಳನ್ನು ಗಟ್ಟಿಮರದ ಬೆಣೆ, ಅಂಟು ಹಾಕಿ ಮುಚ್ಚಿ ಹೊಸದಾಗಿ ಕೊರೆಯಬೇಕು. ಒಂದು ತೂತು ಅರ್ಧ ಮಿಲಿಮೀಟರ್ ಸರಿದರೂ ಬ್ರಿಜ್ ಓರೆಯಾಗಿ ಕೂತು ಟ್ರೆಮೊಲೊ ಎಳೆದಾಗ ಕಚ್ಚಿಕೊಳ್ಳುತ್ತದೆ. ಅದು ದಾಟಿತು ಎಂದರೆ ಬ್ಲಾಕಿನ, ಅಂದರೆ ಬ್ರಿಜ್‌ನ ಕೆಳಗೆ ಬಾಡಿಯೊಳಕ್ಕೆ ಇಳಿಯುವ ಲೋಹದ ಗಟ್ಟಿಯ, ಆಳದ ಸರದಿ. ಸ್ಟ್ರ್ಯಾಟ್‌ನ ಬಾಡಿ ಸುಮಾರು 45 ಮಿಲಿಮೀಟರ್ ದಪ್ಪ. ಭಾರ ಮತ್ತು ಮರ ಉಳಿಸಲು ಅಗ್ಗದ್ದನ್ನು 40ರ ಸುತ್ತಮುತ್ತ ಮಾಡುತ್ತಾರೆ. ಪೂರ್ತಿ ಅಳತೆಯ 42 ಮಿಲಿಮೀಟರ್ ಉಕ್ಕಿನ ಬ್ಲಾಕ್ ಅದಕ್ಕೆ ಇಳಿಸಿದರೆ ಹಿಂಬದಿಯಿಂದ ಹೊರಗೆ ಇಣುಕುತ್ತದೆ, ಹಿಂದಿನ ಮುಚ್ಚಳ ಹಾಕಲು ಬರುವುದಿಲ್ಲ, ನುಡಿಸುವಾಗ ಹೊಟ್ಟೆಗೆ ಒತ್ತುತ್ತದೆ. ಇಂಥ ಬಾಡಿಗೆ 36 ಮಿಲಿಮೀಟರಿನದೇ ಬೇಕು.

ಪಾಟ್‌ಗಳದ್ದೂ ಇದೇ ಗೋಳು. ಸಣ್ಣ ಪಾಟ್‌ನ ಕುತ್ತಿಗೆಗೆ 7 ಮಿಲಿಮೀಟರ್ ತೂತು ಸಾಕು, ದೊಡ್ಡ ಪಾಟ್‌ಗೆ ಇಂಚಿನ ಎಂಟರಲ್ಲಿ ಮೂರು ಭಾಗ, ಅಂದರೆ 9.5 ಬೇಕು. ಪಿಕ್‌ಗಾರ್ಡಿನ ಪ್ಲಾಸ್ಟಿಕ್ಕಿಗೆ ಡ್ರಿಲ್ ಹಿಡಿದರೆ ಬಿಟ್ ಕಚ್ಚಿ ಎಳೆದು ಸೀಳು ಬಿಡುತ್ತದೆ. ಚೂಪು ತುದಿಯ ಕೈ ರೀಮರ್‌ನಿಂದ ನಿಧಾನಕ್ಕೆ ಹಿಗ್ಗಿಸಬೇಕು. ಪಾಟ್ ಕೂತಿತೆಂದು ಹಳೆಯ ನಾಬ್ ಒತ್ತಿದರೆ ಅದು ಇಳಿಯುವುದಿಲ್ಲ. ಒಂದರ ದಂಡಿಗೆ 18 ಹಲ್ಲು, ಇನ್ನೊಂದಕ್ಕೆ 24. ಹಾಗಾಗಿ ನಾಬ್‌ಗಳನ್ನೂ ಕೊಳ್ಳಬೇಕು. ಐದು ಸ್ಥಾನದ ತೆರೆದ ಸ್ವಿಚ್ ತೆಳುಬಾಡಿಯ ಗುಂಡಿಯ ತಳಕ್ಕೆ ತಾಗುತ್ತದೆ, ಅದರ ತುದಿಯ ಟೋಪಿಯ ಸೀಳೂ ಬೇರೆ ಅಗಲದ್ದು. ಬಿರಡೆಗಳಲ್ಲಿ 10 ಮಿಲಿಮೀಟರ್ ತೂತು ಸಾಮಾನ್ಯವಾಗಿ ಹೊಂದುತ್ತದೆ, ಆದರೆ ಹಿಂದಿನ ಸಣ್ಣ ಸ್ಕ್ರೂ ಇರುವ ಕೋನ ತಪ್ಪುತ್ತದೆ.

ಒಂದೊಂದನ್ನೂ ಪರಿಹರಿಸಬಹುದು, ಆದರೆ ಎಲ್ಲವೂ ಸೇರಿದಾಗ 8,000ದ ಲೆಕ್ಕ 12,000ಕ್ಕೆ ಹೋಗುತ್ತದೆ. ವಾಪಸು ಕಳಿಸುವ ಅವಧಿ ಮುಗಿಯುವ ಮೊದಲು ತೂತು ಕೊರೆದಿರುತ್ತೀರಿ, ಕೊರೆದ ಮೇಲೆ ಹಳೆಯ ಭಾಗವೂ ಗಟ್ಟಿಯಾಗಿ ಕೂರುವುದಿಲ್ಲ. ಬದಲಿಸಲೇಬೇಕೆಂದಿದ್ದರೆ 150 ರೂಪಾಯಿಯ ಪ್ಲಾಸ್ಟಿಕ್ ಕ್ಯಾಲಿಪರ್ ಹಿಡಿದು ಏಳು ಅಳತೆ ಬರೆದಿಟ್ಟುಕೊಳ್ಳಿ: ಬ್ರಿಜ್ ಸ್ಕ್ರೂಗಳ ಅಂತರ, ಬ್ಲಾಕಿನ ಆಳ, ಬಾಡಿಯ ದಪ್ಪ, ಬ್ರಿಜ್‌ನಲ್ಲಿ ಮೊದಲ ತಂತಿಯಿಂದ ಕೊನೆಯ ತಂತಿಗಿರುವ ದೂರ, ಪಾಟ್‌ನ ತೂತು, ಸ್ವಿಚ್ಚಿನ ಕೆಳಗಿನ ಗುಂಡಿಯ ಆಳ, ಬಿರಡೆಯ ತೂತು. ಅಂಗಡಿಯವರಿಗೆ ಗಿಟಾರ್‌ನ ಹೆಸರು ಹೇಳುವುದಕ್ಕಿಂತ ಈ ಅಂಕಿಗಳನ್ನು ಕಳಿಸುವುದು ಮೇಲು.

ತಿದ್ದಿದ್ದರಲ್ಲಿ ಟ್ರೆಮೊಲೊವನ್ನು ನಾನು ಬದಲಿಸುವುದಿಲ್ಲ, ಕೂರಿಸಿಬಿಡುತ್ತೇನೆ. ಹಿಂದಿನ ಮುಚ್ಚಳ ತೆಗೆದು, ಮೂರರ ಜಾಗದಲ್ಲಿ ಐದು ಸ್ಪ್ರಿಂಗ್ ಹಾಕಿ, ಸ್ಪ್ರಿಂಗ್‌ಗಳನ್ನು ಸಿಕ್ಕಿಸಿರುವ ಪಂಜದ ಎರಡು ಸ್ಕ್ರೂ ಬಿಗಿಮಾಡಿ. ಬ್ರಿಜ್ ಬಾಡಿಗೆ ಪೂರ್ತಿ ಒರಗಿ ನಿಲ್ಲುತ್ತದೆ. ಆಮೇಲೆ ತಂತಿಗಳ ಎತ್ತರವನ್ನು ಮತ್ತೆ ಹೊಂದಿಸಬೇಕು, 17ನೇ ಫ್ರೆಟ್‌ನಲ್ಲಿ 1.6 ಮಿಲಿಮೀಟರ್ ಹಿಡಿದು ಶುರುಮಾಡಿ. ಹೀಗೆ ಮಾಡಿದ್ದರಲ್ಲಿ ವೇದಿಕೆಯ ಮೇಲೆ ಒಂದು ತಂತಿ ಹರಿದರೂ ಉಳಿದ ಐದರ ಶ್ರುತಿ ಕೆಡುವುದಿಲ್ಲ. ಚೌತಿಯ ಪೆಂಡಾಲಿನಲ್ಲೋ ಇಗರ್ಜಿಯ ಗಾಯನದಲ್ಲೋ ನುಡಿಸುವವರಿಗೆ ಇದರ ಬೆಲೆ ಗೊತ್ತು. ಟ್ರೆಮೊಲೊ ದಂಡ ಬಳಸುವವರಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅವರು ಪೆಸಿಫಿಕಾ ತೆಗೆದುಕೊಂಡರೇ ಒಳ್ಳೆಯದು. ಅಂದ ಹಾಗೆ, ಶ್ರುತಿ ಮಾಡುವಾಗ ‘ಟಿಂಗ್’ ಎಂದು ಸದ್ದಾಗಿ ಸ್ವರ ಜಿಗಿದರೆ ತಂತಿ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಬಿರಡೆಗೆ ಬೈದು ಹೊಸ ಸೆಟ್ ತರಿಸಬೇಡಿ, ಕಚ್ಚಿಗೆ ಪೆನ್ಸಿಲಿನ ಸೀಸ ತಿಕ್ಕಿ.

ಧ್ವನಿಯಲ್ಲಿ ಪೆಸಿಫಿಕಾ ಗೆಲ್ಲುತ್ತದೆ. ಅದರ ಬ್ರಿಜ್ ಪಕ್ಕದ ಹಂಬಕರ್ (ಎರಡು ಕಾಯಿಲಿನ ಪಿಕಪ್) ಗಟ್ಟಿ, ಟೋನ್ ನಾಬ್ ಎಳೆದರೆ ಅದೇ ಒಂಟಿ ಕಾಯಿಲಾಗುತ್ತದೆ. ಬದಲಿಸಿದ್ದು ಅದರ ಹತ್ತಿರ ಬರುತ್ತದೆ. ತಿದ್ದಿದ್ದು ಹಿಂದೆ ಉಳಿಯುತ್ತದೆ, ಆದರೆ 12,000ದಷ್ಟು ಹಿಂದೆ ಖಂಡಿತ ಅಲ್ಲ. ಅಗ್ಗದ ಸೆರಾಮಿಕ್ ಪಿಕಪ್‌ಗಳನ್ನು ತಂತಿಗೆ ತೀರ ಹತ್ತಿರ ಏರಿಸಿರುತ್ತಾರೆ, ಅದಕ್ಕೇ ಆ ಕರ್ಕಶ. ಕೊನೆಯ ಫ್ರೆಟ್ ಒತ್ತಿ ಹಿಡಿದು ದಪ್ಪ ತಂತಿಯ ಕೆಳಗೆ 2.5, ತೆಳು ತಂತಿಯ ಕೆಳಗೆ 2 ಮಿಲಿಮೀಟರ್‌ಗೆ ಇಳಿಸಿ, ಕಡಿಮೆಯಾದ ಸದ್ದನ್ನು ಆಂಪ್‌ನಲ್ಲಿ (ಆಂಪ್ಲಿಫೈಯರ್) ಏರಿಸಿಕೊಳ್ಳಿ. ವಾಲ್ಯೂಮ್ ತಗ್ಗಿಸಿದರೆ ಧ್ವನಿ ಮಬ್ಬಾಗುತ್ತದೆಯೇ? 150 ಕಿಲೋ ಓಮ್ ರೆಸಿಸ್ಟರ್ ಮತ್ತು 0.001 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡನ್ನೂ ಒಂದಕ್ಕೊಂದು ಸಮಾಂತರವಾಗಿ (ಪ್ಯಾರಲಲ್) ವಾಲ್ಯೂಮ್ ಪಾಟ್‌ನ ಒಳಬರುವ ಕಾಲಿಗೂ ಹೊರಹೋಗುವ ಕಾಲಿಗೂ ಬೆಸೆಯಿರಿ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಎರಡೂ ಸೇರಿ 20 ರೂಪಾಯಿ ಆಗುವುದಿಲ್ಲ. ಪಾಟ್‌ನ ಬೆನ್ನಿಗೆ ಭೂಮಿ ವೈರು ಬೆಸೆಯುವಾಗ ಮಾತ್ರ 25 ವಾಟ್‌ನ ಐರನ್ ಸಾಲದು. ಬೆನ್ನನ್ನು ಸ್ಯಾಂಡ್ ಪೇಪರ್‌ನಿಂದ ಕೆರೆದು, 40–60 ವಾಟ್‌ನದರಲ್ಲಿ ಬೇಗ ಮುಗಿಸಬೇಕು. ತಡವಾದಷ್ಟೂ ಪಾಟ್‌ನ ಒಳಗಿನ ಪಟ್ಟಿ ಸುಡುತ್ತದೆ.

ಗುಂಯ್ ಸದ್ದಿನ ಮೂಲ ಗಿಟಾರ್‌ಗಿಂತ ಹೆಚ್ಚಾಗಿ ಮನೆಯ ಕರೆಂಟು. ಜೂನ್, ಜುಲೈಯಲ್ಲಿ ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ ಓಡಿಸಿದರೆ ಒಂಟಿ ಕಾಯಿಲ್ ಪಿಕಪ್ ದುಂಬಿಯಂತೆ ಮೊರೆಯುತ್ತದೆ, ಎಷ್ಟೇ ಬೆಲೆಯದಿರಲಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಇನ್ನೊಂದು ಶತ್ರು. ಪರೀಕ್ಷೆ ಹೀಗೆ: ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ವೈರಿಂಗ್ ಸರಿಯಿದೆ, ಒಳಗುಂಡಿಗೆ ತಾಮ್ರದ ಹಾಳೆಯ ಟೇಪ್ ಹಚ್ಚಿ, ತುಂಡುಗಳನ್ನು ಒಂದರ ಮೇಲೊಂದು ಬರುವಂತೆ ಬೆಸೆದು ಭೂಮಿಗೆ ಸೇರಿಸಿ. ಮುಟ್ಟಿದರೂ ಏನೂ ಬದಲಾಗದಿದ್ದರೆ ಬ್ರಿಜ್‌ಗೆ ಹೋಗುವ ಭೂಮಿ ವೈರು ಬಿಟ್ಟಿದೆ. ಮುಟ್ಟಿದಾಗ ಕೈ ಜುಮ್ ಎಂದರೆ ಆ ಕ್ಷಣವೇ ಗಿಟಾರ್ ಕೆಳಗಿಡಿ, ಮನೆಯ ಅರ್ತಿಂಗ್ ಕೆಟ್ಟಿರಬಹುದು. ಮುರಕಲ್ಲಿನ ಗುಡ್ಡದ ಮನೆಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ನೆಲ ಒಣಗಿ ಅರ್ತ್ ಗುಂಡಿ ಕೆಲಸ ಬಿಟ್ಟುಬಿಡುತ್ತದೆ, ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ನೀರು ಹಾಕುತ್ತಿರಬೇಕು. ಮೂರು ಪಿನ್ನಿನ ಆಂಪನ್ನು ಎರಡು ಪಿನ್ನಿಗೆ ಇಳಿಸಿ ಹಾಕುವುದಂತೂ ಜೀವದ ಜೊತೆ ಆಟ. ತಾಮ್ರದ ಟೇಪ್ ಸದ್ದಿನ ಚರಪರವನ್ನು ನಿಲ್ಲಿಸುತ್ತದೆ, 50 ಹರ್ಟ್ಸ್‌ನ ಆಳವಾದ ಮೊರೆತವನ್ನು ನಿಲ್ಲಿಸುವುದು ಹಂಬಕರ್ ಮಾತ್ರ.

ಮಳೆಗಾಲದಲ್ಲಿ ಮೂರೂ ಒಂದೇ. ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಆಟಿ (ಜುಲೈ–ಆಗಸ್ಟ್) ತಿಂಗಳಿಗೆ ಸಾದಾ ತಂತಿ ಎರಡು ವಾರದಲ್ಲಿ ಒರಟಾಗುತ್ತದೆ, ಜಾಕ್ ಕರಕರ ಎನ್ನುತ್ತದೆ. ಲೇಪನದ ತಂತಿಗೆ ಎರಡು ಪಟ್ಟು ಬೆಲೆಯಾದರೂ ಆ ನಾಲ್ಕು ತಿಂಗಳು ಅದೇ ಅಗ್ಗ. ಸ್ಪಂಜಿನ ಚೀಲದೊಳಗೆ ಮುಚ್ಚಿಟ್ಟರೆ ಬೂಸು ಹಿಡಿಯುತ್ತದೆ, ಒಳಗೋಡೆಗೆ ನೇತುಹಾಕಿ. ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ನೆಕ್ಕಿನ ಬಾಗು ನೋಡಲೇಬೇಕು. 1ನೇ ಫ್ರೆಟ್‌ಗೆ ಕಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದಾಗ 7–8ನೇ ಫ್ರೆಟ್‌ನ ಮೇಲೆ 0.25 ಮಿಲಿಮೀಟರ್ ಎಡೆ ಇರಲಿ.

ನನ್ನ ತೀರ್ಮಾನ ವಾಲುವುದು ಇಲ್ಲೇ. ಇಲ್ಲಿ ಗಿಟಾರ್ ಇಟ್ಟುಕೊಂಡವರು ವರ್ಷಕ್ಕೆ ಎರಡು ಸಲ ಈ ಕೆಲಸ ಮಾಡಲೇಬೇಕು, ಇಲ್ಲವೇ ಪ್ರತಿ ಸಲ ಮಂಗಳೂರಿಗೆ ಹೊತ್ತು ಒಂದು ದಿನ ಕಳೆಯಬೇಕು. 13,000ದ ಗಿಟಾರ್‌ನ ಮೇಲೆ ಅರ ಹಿಡಿಯಲು ಧೈರ್ಯ ಬರುತ್ತದೆ, 30,000ದ್ದರ ಮೇಲೆ ಬರುವುದಿಲ್ಲ. ಉಳಿದ 14,500ರಲ್ಲಿ ಒಳ್ಳೆಯ ಸಣ್ಣ ಆಂಪ್ ತಂದರೆ ಕಿವಿಗೆ ಸಿಗುವ ವ್ಯತ್ಯಾಸ ಯಾವ ಪಿಕಪ್‌ಗಿಂತಲೂ ದೊಡ್ಡದು. ಮನೆಯಲ್ಲಿ ರಾತ್ರಿ ಹೆಡ್‌ಫೋನ್ ಹಾಕಿ ನುಡಿಸುವುದು, ತಿಂಗಳಿಗೊಂದೆರಡು ಕಾರ್ಯಕ್ರಮ, ಟ್ರೆಮೊಲೊ ದಂಡ ಮುಟ್ಟದ ಕೈ, ಇಷ್ಟಿದ್ದರೆ ತಿದ್ದಿದ್ದೇ ಸಾಕು. ಸೋಲ್ಡರಿಂಗ್ ಐರನ್, ಅರ ಯಾವುದೂ ಬೇಡ ಎನ್ನುವವರು, ವಾರ ವಾರ ಬ್ಯಾಂಡಿನಲ್ಲಿ ನುಡಿಸುವವರು ಪೆಸಿಫಿಕಾ ತರಲಿ. 25,000 ದಾಟುವ ಬದಲಿಸಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ.

ಆದರೂ ಪಿಕಪ್ ಹಾಕಿಯೇ ತೀರುವವರಿಗೆ ಒಂದು ಮಾತು. ಮಾರುವಾಗ ಕೊಳ್ಳುವವರು ಗಿಟಾರ್‌ನ ತಲೆಯ ಮೇಲಿನ ಹೆಸರು ನೋಡಿ ಬೆಲೆ ಕಟ್ಟುತ್ತಾರೆ, ಒಳಗೆ ಹಾಕಿದ್ದಕ್ಕೆ ಕಾಸು ಕೊಡುವುದಿಲ್ಲ. ಬಿಚ್ಚಿದ ಹಳೆಯ ಪಿಕಪ್, ಪಾಟ್, ಸ್ಕ್ರೂಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಹಾಕಿಡಿ, ವೈರುಗಳನ್ನು ತುಂಡು ಮಾಡದೆ ಬೆಸುಗೆ ಕರಗಿಸಿಯೇ ಬಿಡಿಸಿ, ಯಾವ ಬಣ್ಣ ಎಲ್ಲಿಗೆ ಹೋಗುತ್ತಿತ್ತು ಎಂದು ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಮಾರುವ ದಿನ ಹಳೆಯದನ್ನು ವಾಪಸು ಹಾಕಿ, ಹೊಸ ಪಿಕಪ್‌ಗಳನ್ನು ಬೇರೆಯಾಗಿ ಮಾರಿ.